ಗುಜರಿ ಸಂತೆಯಲ್ಲಿ ಕಣ್ಣೇ ಬಂಡವಾಳ

1883ರ ನವೆಂಬರ್‌ನಲ್ಲಿ ಪ್ಯಾರಿಸ್‌ನ ಆಡಳಿತಾಧಿಕಾರಿ ಯೂಜೆನ್ ಪುಬೆಲ್ ಒಂದು ಆದೇಶ ಹೊರಡಿಸಿದ. ಇನ್ನು ಮುಂದೆ ಯಾರೂ ಬೀದಿಗೆ ಕಸ ಸುರಿಯುವಂತಿಲ್ಲ, ಪ್ರತಿ ಕಟ್ಟಡದ ಮಾಲೀಕನೂ ಮುಚ್ಚಳವಿರುವ ಕಸದ ತೊಟ್ಟಿ ಇಡಲೇಬೇಕು ಎಂದು. ಊರೇನೋ ಚೊಕ್ಕಟವಾಯಿತು. ಆದರೆ ಬೀದಿಯ ಕಸ ಕೆದಕಿ ಚಿಂದಿ, ಮೂಳೆ, ತಗಡು, ಒಡಕು ಪಾತ್ರೆ ಆಯ್ದು ಬದುಕುತ್ತಿದ್ದವರ ಹೊಟ್ಟೆಗೆ ಹೊಡೆತ ಬಿತ್ತು. ಅವರಲ್ಲಿ ಎಷ್ಟೋ ಮಂದಿ ಕೋಟೆಗೋಡೆಯ ಆಚೆಗಿನ ಬಯಲಿಗೆ ಸರಿದು, ಆಯ್ದ ಸಾಮಾನನ್ನು ನೆಲದ ಮೇಲೆ ಹರಡಿಕೊಂಡು ಕೂತರು. ಗೋಡೆಯಾಚೆ ಪ್ಯಾರಿಸ್ ನಗರದ ಸುಂಕವೂ ಇರಲಿಲ್ಲ. ಭಾನುವಾರ ತಿರುಗಾಡಲು ಬಂದ ಊರಿನವರು ಅಲ್ಲಿ ನಿಂತು ಕೊಳ್ಳತೊಡಗಿದರು.

ಉತ್ತರ ಪ್ಯಾರಿಸ್‌ಗೆ ಅಂಟಿಕೊಂಡಿರುವ ಸೇಂತ್-ಊಆಂ ಸಂತೆಯ ಮೂಲ ಅದು. 1885ನ್ನು ಅದು ಹುಟ್ಟಿದ ವರ್ಷವೆಂದು ಹಿಡಿಯುತ್ತಾರೆ. ಇವತ್ತು ಅದು ಸುಮಾರು ಏಳು ಹೆಕ್ಟೇರ್‌ನಲ್ಲಿ, ಸಾವಿರಕ್ಕೂ ಹೆಚ್ಚು ವ್ಯಾಪಾರಿಗಳೊಂದಿಗೆ, ಹಳೆ ಸಾಮಾನಿನ ದೊಡ್ಡ ಊರೇ ಆಗಿದೆ. ಚಿಂದಿ ಆಯುವವರು ಹರಡಿದ ಜಾಗದಲ್ಲಿ ಈಗ ಹದಿನೆಂಟನೆಯ ಶತಮಾನದ ಬೀರುಗಳು, ಕಂಚಿನ ಗಡಿಯಾರಗಳು, ಸ್ಫಟಿಕದ ತೂಗುದೀಪಗಳು ಲಕ್ಷಗಳ ಲೆಕ್ಕದಲ್ಲಿ ಕೈ ಬದಲಾಯಿಸುತ್ತವೆ.

ಒಬ್ಬರು ಬಿಸಾಡಿದ ವಸ್ತು ಇನ್ನೊಬ್ಬರ ಕೈಯಲ್ಲಿ ಬೆಲೆ ಪಡೆಯುವುದು ಹೇಗೆ? ಅದರ ಮೇಲೆ ಹೊಸ ಕೆಲಸವೇನೂ ನಡೆದಿರುವುದಿಲ್ಲ, ಹೆಚ್ಚೆಂದರೆ ಧೂಳು ಒರೆಸಿರುತ್ತಾರೆ. ಬೆಲೆ ಏರುವುದು ಅದು ಏನೆಂದು ಯಾರಿಗೋ ಗೊತ್ತಾದಾಗ. ಹೊರದೇಶದ ಪ್ರವಾಸದಲ್ಲಿ ಇಂಥ ಸಂತೆಗೆ ಕಾಲಿಡುವವರು ನಾಲಿಗೆಗಿಂತ ಮೊದಲು ಕಣ್ಣಿಗೆ ಕೆಲಸ ಕೊಡಬೇಕಾದದ್ದು ಅದಕ್ಕೇ.

ಮಾಲು ಬರುವ ದಾರಿ

ಯುರೋಪಿನ ಹಳೆ ಸಾಮಾನಿನ ವ್ಯಾಪಾರ ಹೆಚ್ಚಾಗಿ ಶುರುವಾಗುವುದು ಒಂದು ಸಾವಿನಿಂದ. ಅಜ್ಜಿ ತೀರಿಕೊಂಡಳು, ಮಕ್ಕಳು ಬೇರೆ ಊರಲ್ಲಿದ್ದಾರೆ, ಮನೆ ಮಾರಬೇಕು. ಮನೆ ಖಾಲಿ ಮಾಡಿಕೊಡುವುದನ್ನೇ ಕಸುಬು ಮಾಡಿಕೊಂಡವರು ಬಂದು ಎಲ್ಲವನ್ನೂ ಒಟ್ಟಿಗೆ ಹೊತ್ತೊಯ್ಯುತ್ತಾರೆ. ಅದು ನಸುಕಿನಲ್ಲಿ ಸಂತೆಗೆ ಬರುತ್ತದೆ. ವ್ಯಾನಿನಿಂದ ಇಳಿಸುತ್ತಿರುವಾಗಲೇ ಟಾರ್ಚ್ ಹಿಡಿದ ಇತರ ವ್ಯಾಪಾರಿಗಳು ಬೇಕಾದದ್ದನ್ನು ಎತ್ತಿಕೊಂಡಾಗಿರುತ್ತದೆ. ಗಡಿಯಾರದವನು ಗಡಿಯಾರ, ಲೇಸಿನವಳು ಲೇಸು, ನಾಣ್ಯದವನು ನಾಣ್ಯ. ಹೋಟೆಲಿನಲ್ಲಿ ತಿಂಡಿ ಮುಗಿಸಿ ಹನ್ನೊಂದು ಗಂಟೆಗೆ ಬರುವ ಪ್ರವಾಸಿಗನ ಮುಂದೆ ಇರುವುದು ಮೂರೋ ನಾಲ್ಕೋ ಕೈ ದಾಟಿ, ಪ್ರತಿ ಕೈಯಲ್ಲೂ ಲಾಭ ಸೇರಿಸಿಕೊಂಡ ಮಾಲು.

ಆದ್ದರಿಂದ ಸಂತೆಯ ಜಾತಿ ನೋಡಿ ಹೆಜ್ಜೆ ಇಡಬೇಕು. ಸೇಂತ್-ಊಆಂನ ಪೋಲ್ ಬೇರ್, ಸೆರ್ಪೆತ್ ಅಂಗಳಗಳಲ್ಲಿರುವವರು ಪಳಗಿದ ವರ್ತಕರು. ಅಲ್ಲಿ ಆಯ್ಕೆ ಅದ್ಭುತ, ಅಗ್ಗದ ಮಾತಿಲ್ಲ. 1920ರಲ್ಲಿ ಶುರುವಾದ ವೆರ್ನೇಸೋಂ ಅಂಗಳದ ಓಣಿಗಳಲ್ಲಿ ಗುಂಡಿ, ಮಣಿ, ಬೊಂಬೆ, ಹಳೆ ಕಾಗದದಂಥ ಚಿಲ್ಲರೆ ಸಾಮಾನು ಕೈಗೆಟುಕುತ್ತದೆ. ಪ್ಯಾರಿಸ್‌ನ ದಕ್ಷಿಣಕ್ಕಿರುವ ವಾನ್ವ್ ಸಂತೆ ಶನಿವಾರ, ಭಾನುವಾರ ಬೀದಿ ಬದಿಯಲ್ಲಿ ನೆರೆಯುತ್ತದೆ. ಸೂಟ್‌ಕೇಸಿನಲ್ಲಿ ಹಿಡಿಸುವ ವಸ್ತುಗಳಿಗೆ ಅದೇ ವಾಸಿ. ಬ್ರಸೆಲ್ಸ್‌ನ ಮರೋಲ್ ಬಡಾವಣೆಯ ಜೂ ದ ಬಾಲ್ ಚೌಕದಲ್ಲಿ ದಿನಾ ಬೆಳಿಗ್ಗೆ ಸಂತೆ. ಟಿನ್‌ಟಿನ್ ಕಾಮಿಕ್ಸ್ ಓದಿದವರಿಗೆ ಆ ಚೌಕ ಹೊಸದಲ್ಲ, ‘ಯೂನಿಕಾರ್ನ್’ ಹಡಗಿನ ಮಾದರಿಯನ್ನು ಅವನು ಕೊಳ್ಳುವುದು ಅಲ್ಲೇ.

ನಿಜವಾಗಿ ಅಗ್ಗವಾಗಿ ಸಿಗಬೇಕೆಂದರೆ ವರ್ತಕರೇ ಇಲ್ಲದ ಕಡೆ ಹೋಗಬೇಕು. ಫ್ರಾನ್ಸ್‌ನಲ್ಲಿ ಬಡಾವಣೆಯವರೆಲ್ಲ ಸೇರಿ ಅಟ್ಟ ಖಾಲಿ ಮಾಡುವ ಮಾರಾಟ ನಡೆಸುತ್ತಾರೆ. ಕಸುಬಿನವರಲ್ಲದ ಜನ ಅಲ್ಲಿ ವರ್ಷಕ್ಕೆ ಎರಡು ಸಲ ಮಾತ್ರ ತಮ್ಮ ಸ್ವಂತ ಹಳೆ ಸಾಮಾನು ಮಾರಬಹುದೆಂಬ ನಿಯಮವಿದೆ. ಇಂಗ್ಲೆಂಡ್‌ನಲ್ಲಿ ಹೊಲದಲ್ಲಿ ಕಾರು ನಿಲ್ಲಿಸಿ ಡಿಕ್ಕಿ ತೆರೆದು ಮಾರುವ ‘ಕಾರ್ ಬೂಟ್ ಸೇಲ್’ ಇದೆ. ಅಮೆರಿಕದಲ್ಲಿ ಮನೆ ಮುಂದಿನ ಗರಾಜ್ ಸೇಲ್, ಯಾರ್ಡ್ ಸೇಲ್‌ಗಳು ಅಲ್ಲಿರುವ ಕನ್ನಡಿಗರಿಗೆ ಚಿರಪರಿಚಿತ. ಆಮ್ಸ್ಟರ್‌ಡ್ಯಾಂನಲ್ಲಿ ಏಪ್ರಿಲ್ 27ರ ರಾಜನ ಹುಟ್ಟುಹಬ್ಬದಂದು ಮಕ್ಕಳೂ ಬೀದಿಯಲ್ಲಿ ಚಾಪೆ ಹಾಸಿ ಆಟಿಕೆ ಮಾರುತ್ತಾರೆ.

ಅದೃಷ್ಟದ ಕಥೆಗಳ ಒಳಗೆ

1980ರ ದಶಕದಲ್ಲಿ ಪಶ್ಚಿಮ ಲಂಡನ್‌ನ ಒಂದು ಕಾರ್ ಬೂಟ್ ಸೇಲ್‌ನಲ್ಲಿ ಮಹಿಳೆಯೊಬ್ಬರು 10 ಪೌಂಡ್ ಕೊಟ್ಟು ದೊಡ್ಡ ಹರಳಿನ ಉಂಗುರ ಕೊಂಡರು. ಗಾಜಿನ ಹರಳೆಂದೇ ತಿಳಿದು ಮಾರುಕಟ್ಟೆಗೆ, ಮನೆಕೆಲಸಕ್ಕೆ ಎಲ್ಲದಕ್ಕೂ ಹಾಕಿಕೊಂಡಿದ್ದರು. ಅದು 26 ಕ್ಯಾರಟ್‌ಗೂ ಮೀರಿದ ವಜ್ರ. 2017ರಲ್ಲಿ ಸೋದೆಬೀಸ್ ಹರಾಜಿನಲ್ಲಿ ಅದಕ್ಕೆ 6,56,750 ಪೌಂಡ್ ಬಂತು. ಅಷ್ಟು ವರ್ಷ ಗುರುತು ಸಿಗದಿದ್ದಕ್ಕೆ ಕಾರಣವಿದೆ. ಹತ್ತೊಂಬತ್ತನೆಯ ಶತಮಾನದ ವಜ್ರಗಳನ್ನು ಈಗಿನಂತೆ ಥಳಥಳಿಸುವ ಹಾಗೆ ಕತ್ತರಿಸುತ್ತಿರಲಿಲ್ಲ. ಹೊಳಪನ್ನೇ ವಜ್ರವೆಂದುಕೊಂಡವರಿಗೆ ಅದು ಕಾಣಲೇ ಇಲ್ಲ.

ರಷ್ಯಾದ ಚಕ್ರವರ್ತಿಗಾಗಿ ಫಾಬರ್ಜೆ ಸಂಸ್ಥೆ 1887ರಲ್ಲಿ ಮಾಡಿದ ಚಿನ್ನದ ಮೊಟ್ಟೆಯ ಕಥೆ ಇನ್ನೂ ಪಾಠ ಕಲಿಸುವಂಥದು. ಅಮೆರಿಕದ ಒಬ್ಬ ಹಳೆ ಚಿನ್ನದ ವ್ಯಾಪಾರಿ ಅದನ್ನು ಗುಜರಿ ಸಂತೆಯಲ್ಲಿ ಸುಮಾರು 14,000 ಡಾಲರ್‌ಗೆ, ಕೇವಲ ಚಿನ್ನದ ತೂಕ ಲೆಕ್ಕ ಹಾಕಿ ಕೊಂಡ. ಕರಗಿಸುವವರು ಅಷ್ಟು ಬೆಲೆ ಕೊಡಲಿಲ್ಲವಾಗಿ ಅದು ಅಡುಗೆಮನೆಯಲ್ಲೇ ಉಳಿಯಿತು. ಕೊನೆಗೆ ಒಳಗಿದ್ದ ಪುಟ್ಟ ಗಡಿಯಾರದ ಮೇಲಿನ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹುಡುಕಿದಾಗ ಅದು ಕಳೆದುಹೋಗಿದ್ದ ರಾಜಮನೆತನದ ಮೊಟ್ಟೆ ಎಂದು ತಿಳಿಯಿತು. 2014ರಲ್ಲಿ ಲಂಡನ್‌ನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಾಗ ಜನ ಸಾಲುಗಟ್ಟಿದರು. ತೂಕ ನೋಡಿದವನು ನಷ್ಟದಲ್ಲಿದ್ದ, ಅಕ್ಷರ ಓದಿದ ದಿನ ಕೋಟ್ಯಧಿಪತಿಯಾದ.

ಇಂಥ ಕಥೆಗಳು ಪತ್ರಿಕೆಗೆ ಬರುವುದೇ ಅವು ಅಪರೂಪವೆಂದು. ಹತ್ತು ಪೌಂಡ್‌ಗೆ ಗಾಜಿನ ಉಂಗುರ ಕೊಂಡು ಗಾಜಿನ ಉಂಗುರವನ್ನೇ ಮನೆಗೆ ಒಯ್ದವರ ಸುದ್ದಿ ಯಾರೂ ಬರೆಯುವುದಿಲ್ಲ.

ಚಮಚದ ಬೆನ್ನಿನ ಮೇಲಿನ ಇತಿಹಾಸ

ಲಂಡನ್‌ನಲ್ಲಿ ಶನಿವಾರ ಪೋರ್ಟೊಬೆಲ್ಲೊ ರಸ್ತೆ, ಶುಕ್ರವಾರ ನಸುಕಿನಲ್ಲಿ ಬರ್ಮಂಡ್ಸಿ ಚೌಕ. ಎರಡೂ ಕಡೆ ಟ್ರೇ ತುಂಬ ಕಪ್ಪಿಟ್ಟ ಚಮಚಗಳಿರುತ್ತವೆ. ಒಂದನ್ನು ಎತ್ತಿಕೊಂಡು ಹಿಡಿಯ ಹಿಂಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಸಾಸಿವೆ ಕಾಳಿನಷ್ಟು ಪುಟ್ಟ ಮುದ್ರೆಗಳ ಸಾಲೊಂದು ಕಾಣುತ್ತದೆ. ನಡೆಯುತ್ತಿರುವ ಸಿಂಹವಿದ್ದರೆ ಅದು ಶೇಕಡ 92.5ರ ಸ್ಟರ್ಲಿಂಗ್ ಬೆಳ್ಳಿ. ಪಕ್ಕದಲ್ಲಿ ಚಿರತೆಯ ತಲೆ ಇದ್ದರೆ ಪರೀಕ್ಷೆಯಾದದ್ದು ಲಂಡನ್‌ನಲ್ಲಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಂನಲ್ಲಿ. ಕಡಲೇ ಇಲ್ಲದ ಬರ್ಮಿಂಗ್‌ಹ್ಯಾಂಗೆ ಲಂಗರಿನ ಗುರುತು ಬಂದದ್ದು 1773ರಲ್ಲಿ, ಜೇಮ್ಸ್ ವಾಟ್‌ನ ಪಾಲುದಾರನಾಗಲಿದ್ದ ಮ್ಯಾಥ್ಯೂ ಬೌಲ್ಟನ್ ಪಾರ್ಲಿಮೆಂಟಿನ ಬೆನ್ನು ಹತ್ತಿ ತನ್ನೂರಿಗೆ ಪರೀಕ್ಷಾ ಕಚೇರಿ ತರಿಸಿಕೊಂಡಾಗ.

ಮುಂದೆ ಒಂದು ಇಂಗ್ಲಿಷ್ ಅಕ್ಷರ. ಅದು ಪ್ರತಿ ವರ್ಷ ಬದಲಾಗುತ್ತದೆ, ಅಕ್ಷರಮಾಲೆ ಮುಗಿದಾಗ ಅಕ್ಷರದ ಶೈಲಿ, ಚೌಕಟ್ಟಿನ ಆಕಾರ ಬದಲಾಗಿ ಮತ್ತೆ ಮೊದಲಿನಿಂದ ಶುರು. ಮೊಬೈಲಿನಲ್ಲಿ ಸಿಗುವ ಪಟ್ಟಿಯೊಂದಿಗೆ ಹೋಲಿಸಿದರೆ ವರ್ಷವೇ ಗೊತ್ತಾಗುತ್ತದೆ. ರಾಜನದೋ ರಾಣಿಯದೋ ತಲೆಯ ಮುದ್ರೆಯೂ ಇದ್ದರೆ ಬೆಳ್ಳಿಯ ಮೇಲಿನ ತೆರಿಗೆ ಕಟ್ಟಿದ ಗುರುತು. ಆ ತೆರಿಗೆ ಇದ್ದದ್ದು 1784ರಿಂದ 1890ರವರೆಗೆ. ಅಂದರೆ ತಲೆ ಕಂಡರೆ ಚಮಚ ಸಾಮಾನ್ಯವಾಗಿ 1890ಕ್ಕಿಂತ ಹಳೆಯದು. ಕೊನೆಯಲ್ಲಿ ತಯಾರಕನ ಹೆಸರಿನ ಮೊದಲಕ್ಷರಗಳು. ಬಿಲ್ ಇಲ್ಲದ, ಗ್ಯಾರಂಟಿ ಇಲ್ಲದ ಸಂತೆಯಲ್ಲಿ ಈ ಐದು ಮುದ್ರೆಗಳೇ ದಾಖಲೆಪತ್ರ.

ಇದರ ಪಕ್ಕದಲ್ಲೇ ‘ಇ.ಪಿ.ಎನ್.ಎಸ್.’ ಎಂಬ ನಾಲ್ಕು ಅಕ್ಷರ ಕೊರೆದ, ಇದಕ್ಕಿಂತ ಚೆನ್ನಾಗಿ ಹೊಳೆಯುವ ಚಮಚ ಬಿದ್ದಿರುತ್ತದೆ. ಅದು ಬರ್ಮಿಂಗ್‌ಹ್ಯಾಂನ ಎಲ್ಕಿಂಗ್ಟನ್‌ಗಳು 1840ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ಬೆಳ್ಳಿ ನೀರು ಹಾಯಿಸಿದ್ದು. ಒಳಗಿರುವುದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ, ನಮ್ಮ ಅಂಗಡಿಗಳಲ್ಲಿ ಜರ್ಮನ್ ಸಿಲ್ವರ್ ಹೆಸರಿನಲ್ಲಿ ಮಾರುವ ಲೋಹವೇ. ಊಟಕ್ಕೆ ಧಾರಾಳವಾಗಿ ಬಳಸಿ, ಬೆಳ್ಳಿಯ ಬೆಲೆ ಮಾತ್ರ ಕೊಡಬೇಡಿ.

ಪಿಂಗಾಣಿಗೂ ಇಂಥ ಸುಳಿವುಗಳಿವೆ. ಆಮದಾಗುವ ವಸ್ತುಗಳ ಮೇಲೆ ತಯಾರಾದ ದೇಶದ ಹೆಸರು ಇರಬೇಕೆಂದು ಅಮೆರಿಕ 1890ರಲ್ಲಿ ಕಾನೂನು ಮಾಡಿತು. ತಟ್ಟೆಯ ತಳದಲ್ಲಿ ‘ಇಂಗ್ಲೆಂಡ್’ ಎಂದು ಅಚ್ಚಾಗಿದ್ದರೆ ಸಾಮಾನ್ಯವಾಗಿ ಅದು 1891ರ ನಂತರದ್ದು. ಜಪಾನಿನ ಬಟ್ಟಲಿನ ಮೇಲೆ ‘ನಿಪ್ಪಾನ್’ ಎಂದಿದ್ದರೆ 1921ಕ್ಕೆ ಮೊದಲಿನದು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೇ ಮಹಾಯುದ್ಧ ಮುಗಿದ ಮೇಲೆ, 1952ರೊಳಗೆ, ದೇಶ ಅಮೆರಿಕನ್ನರ ಹಿಡಿತದಲ್ಲಿದ್ದಾಗ ಮಾಡಿದ್ದು. ‘ವೆಸ್ಟ್ ಜರ್ಮನಿ’ ಎಂಬ ಹೂದಾನಿ 1949ಕ್ಕೂ 1990ಕ್ಕೂ ನಡುವಿನದು. ಇನ್ನು ಮರದ ಸಾಮಾನು. ಮರ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದು ಬಹಳ ಕಡಿಮೆ. ಹಾಗಾಗಿ ಇನ್ನೂರು ವರ್ಷದ ದುಂಡು ಮೇಜನ್ನು ಟೇಪಿನಿಂದ ಎರಡೂ ಕಡೆ ಅಳೆದರೆ ಅಳತೆ ಒಂದೇ ಬರಬಾರದು. ಬಂದರೆ, ವ್ಯಾಪಾರಿಯ ಕಥೆಯನ್ನು ಕೇಳಿ ನಕ್ಕು ಮುಂದೆ ಹೋಗಬಹುದು. ‘ಹದಿನೆಂಟನೆಯ ಶತಮಾನದ’ ಪೆಟ್ಟಿಗೆಯಲ್ಲಿ ಪ್ಲಸ್ ಗುರುತಿನ ಸ್ಕ್ರೂ ಕಂಡರೂ ಅಷ್ಟೆ. ಅಂಥ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ.

ನಮ್ಮ ಕಣ್ಣಿಗೆ ಬೀಳುವ ನಮ್ಮದು

ಬ್ರಿಟನ್ನಿನ ಸಂತೆಗಳಲ್ಲಿ ಕನ್ನಡಿಗರಿಗೆ ಅನುಕೂಲವೊಂದಿದೆ. ಸೈನಿಕರು, ಅಧಿಕಾರಿಗಳು, ಪ್ಲಾಂಟರುಗಳು ಇಲ್ಲಿಂದ ಒಯ್ದದ್ದು ಅವರ ಮರಿಮಕ್ಕಳ ಅಟ್ಟದಿಂದ ಇಳಿದು ಈಗಲೂ ಮಾರಾಟಕ್ಕೆ ಬರುತ್ತದೆ. ಬೀದರ್‌ನ ಬಿದ್ರಿ ಕೆಲಸ 1851ರ ಲಂಡನ್ ಮಹಾಪ್ರದರ್ಶನದಲ್ಲೇ ಗಮನ ಸೆಳೆದಿತ್ತು. ಸತು, ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಹಚ್ಚಿ ಕಪ್ಪೇರಿಸಿದ ಹುಕ್ಕಾದ ಬುಡವನ್ನೋ ಎಲೆಯಡಿಕೆ ಪೆಟ್ಟಿಗೆಯನ್ನೋ ನಮ್ಮವರು ದೂರದಿಂದಲೇ ಗುರುತಿಸಬಲ್ಲರು. ಅದೇ ವಸ್ತುವಿಗೆ ಅಲ್ಲಿನ ಸಣ್ಣ ವ್ಯಾಪಾರಿ ‘ಪೂರ್ವದೇಶದ ಲೋಹದ ಕೆಲಸ’ ಎಂದಷ್ಟೇ ಚೀಟಿ ಅಂಟಿಸಿರಬಹುದು. ಆದರೆ ಬಿದ್ರಿ ಕೆಲಸ ಲಖನೌ, ಪೂರ್ಣಿಯಾ, ಮುರ್ಶಿದಾಬಾದ್‌ಗಳಲ್ಲೂ ನಡೆಯುತ್ತಿತ್ತು, ಕಂಡದ್ದೆಲ್ಲ ಬೀದರ್‌ನದ್ದಲ್ಲ.

ಹಳೆ ಪೋಸ್ಟ್‌ಕಾರ್ಡ್‌ಗಳ ಡಬ್ಬಿಯನ್ನಂತೂ ಬಿಡಲೇಬೇಡಿ. ಊರಿನ ಹೆಸರಿನ ಪ್ರಕಾರ ಜೋಡಿಸಿಟ್ಟಿರುತ್ತಾರೆ. ‘ಇಂಡಿಯಾ’ ವಿಭಾಗದಲ್ಲಿ ಬೆರಳಾಡಿಸಿದರೆ ಹಿಗಿನ್‌ಬಾಥಮ್ಸ್ ಪ್ರಕಟಿಸಿದ ಬೆಂಗಳೂರು ದಂಡಿನ ಚಿತ್ರಗಳು ಸಿಗುವುದುಂಟು. ಇವುಗಳ ಕಾಲ ತಿಳಿಯುವುದೂ ಸುಲಭ. ವಿಳಾಸದ ಬದಿಯಲ್ಲೇ ಪತ್ರವನ್ನೂ ಬರೆಯಲು ಬ್ರಿಟನ್ ಅನುಮತಿ ಕೊಟ್ಟದ್ದು 1902ರಲ್ಲಿ. ಅಲ್ಲಿಯವರೆಗೆ ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು, ಕ್ಷೇಮಸಮಾಚಾರವನ್ನು ಚಿತ್ರದ ಅಂಚಿನಲ್ಲಿ ಇಕ್ಕಟ್ಟಾಗಿ ಬರೆಯಬೇಕಿತ್ತು. ಹಿಂಬದಿಯ ನಡುವೆ ಗೆರೆ ಇದೆಯೇ ಇಲ್ಲವೇ ಎಂಬುದು ಮೊದಲ ಪರೀಕ್ಷೆ. ಭಾರವಿಲ್ಲ, ಸುಂಕದ ತಂಟೆಯಿಲ್ಲ, ಊರಿನ ಚರಿತ್ರೆಗೆ ಒಂದು ಪುಟ ಸೇರುತ್ತದೆ.

ಚೌಕಾಸಿಯ ಮರ್ಯಾದೆ

ಪ್ಯಾರಿಸ್‌ನಲ್ಲಿ ಮೊದಲು ‘ಬೋಂಜೂರ್’ ಹೇಳಬೇಕು, ಆಮೇಲೆ ವಸ್ತು ಮುಟ್ಟಬೇಕು. ನಮಸ್ಕಾರವಿಲ್ಲದೆ ಕೈ ಹಾಕಿದವನಿಗೆ ಬೆಲೆ ಇಳಿಯುವುದಿಲ್ಲ. ನಮ್ಮ ಫುಟ್‌ಪಾತ್ ಲೆಕ್ಕದಲ್ಲಿ ಅರ್ಧಕ್ಕೆ ಕೇಳಿದರೆ ಅಲ್ಲಿನ ವ್ಯಾಪಾರಿ ಮುಖ ತಿರುಗಿಸುತ್ತಾನೆ. ಹತ್ತು, ಹದಿನೈದು ಪ್ರತಿಶತ ಬಿಡುವುದು ರೂಢಿ, ಎರಡು ಮೂರು ವಸ್ತು ಒಟ್ಟಿಗೆ ತೆಗೆದುಕೊಂಡರೆ ಇನ್ನಷ್ಟು. ಇಂಗ್ಲೆಂಡ್‌ನಲ್ಲಿ ಬೆಲೆ ಹೇಳದೆ, ‘ನಿಮ್ಮ ಕೊನೆ ಬೆಲೆ ಎಷ್ಟು’ ಎಂದು ನಯವಾಗಿ ಕೇಳುವುದು ಪದ್ಧತಿ. ವಸ್ತುವನ್ನು ಹಳಿಯುವುದು ಎಲ್ಲಿಯೂ ಬೇಡ. ‘ಇದೇನು ಮಹಾ’ ಎನ್ನುವ ನಮ್ಮ ವರಸೆ ಅಲ್ಲಿ ಅವಮಾನವೆನಿಸುತ್ತದೆ. ಬಿರುಕೋ ಚೂರು ಹಾರಿದ ಅಂಚೋ ಇದ್ದರೆ ತೋರಿಸಿ, ಅದು ನ್ಯಾಯವಾದ ಕಾರಣ.

ಜಪಾನಿನ ಕ್ಯೋಟೊದಲ್ಲಿ ಇನ್ನೂ ಮೆಲುದನಿ. ಅಲ್ಲಿನ ತೋಜಿ ದೇವಾಲಯದಲ್ಲಿ ಪ್ರತಿ ತಿಂಗಳ 21ರಂದು ಸಂತೆ ನೆರೆಯುತ್ತದೆ. 835ರಲ್ಲಿ ತೀರಿಕೊಂಡ ಬೌದ್ಧ ಗುರು ಕೂಕಾಯ್‌ನ ಪುಣ್ಯತಿಥಿ 21ರಂದು ಬರುವುದೇ ಅದಕ್ಕೆ ಕಾರಣ. 25ರಂದು ಕಿತಾನೊ ತೆನ್ಮಾಂಗು ಗುಡಿಯ ಸರದಿ. ನಿತ್ಯದ ಉಡುಪಾಗಿ ಕಿಮೊನೊ ಮರೆಯಾಗಿರುವುದರಿಂದ ಅಪ್ಪಟ ರೇಷ್ಮೆಯ ಹಳೆ ಕಿಮೊನೊಗಳು ಅಲ್ಲಿ ರಾಶಿಯಲ್ಲಿ ಬಿದ್ದಿರುತ್ತವೆ, ಬೆಲೆ ನಮ್ಮ ರೇಷ್ಮೆ ಸೀರೆಗೆ ಎಷ್ಟೋ ಕಡಿಮೆ. ಸ್ವಲ್ಪ ಇಳಿಸಬಹುದೇ ಎಂದು ಒಂದು ಸಲ ಕೇಳಬಹುದು. ಎರಡನೇ ಸಲ ಕೇಳುವುದು ಸಭ್ಯತೆಯಲ್ಲ.

ಎಲ್ಲ ಕಡೆಗೂ ಸಲ್ಲುವ ಮಾತು ಇಷ್ಟು: ಚಿಲ್ಲರೆ ನೋಟು ಇಟ್ಟುಕೊಳ್ಳಿ, ಆಯ್ಕೆ ಬೇಕಿದ್ದರೆ ಬೆಳಕು ಹರಿಯುವಾಗ ಹೋಗಿ, ಬೆಲೆ ಇಳಿಯಬೇಕಿದ್ದರೆ ಗಂಟುಮೂಟೆ ಕಟ್ಟುವ ಹೊತ್ತಿಗೆ ಹೋಗಿ. ಕ್ಲಿನ್ಯಾಂಕೂರ್ ಮೆಟ್ರೊ ನಿಲ್ದಾಣದಿಂದ ಸೇಂತ್-ಊಆಂಗೆ ನಡೆಯುವ ದಾರಿಯಲ್ಲಿ ಜೇಬಿನ ಮೇಲೆ ಕೈ ಇರಲಿ, ದಾರಿಯಲ್ಲಿ ಮಾರುವ ಬ್ರಾಂಡೆಡ್ ಬ್ಯಾಗುಗಳ ಕಡೆ ನೋಡಬೇಡಿ. ಇಟಲಿಯಲ್ಲಿ ನಕಲಿ ಮಾಲು ಮಾರಿದವನಿಗಷ್ಟೇ ಅಲ್ಲ, ಕೊಂಡವರಿಗೂ ದಂಡವಿದೆ.

ಇದು ಯಾರದು?

ಬರ್ಮಂಡ್ಸಿಯಂಥ ಸಂತೆಯ ಮೇಲೆ ಹಿಂದೆ ಕಾನೂನಿನ ನೆರಳೂ ಇತ್ತು. ರೂಢಿಯ ಬಹಿರಂಗ ಸಂತೆಯಲ್ಲಿ, ಸೂರ್ಯೋದಯಕ್ಕೂ ಸೂರ್ಯಾಸ್ತಕ್ಕೂ ನಡುವೆ, ಪ್ರಾಮಾಣಿಕವಾಗಿ ಕೊಂಡ ವಸ್ತು ಕಳ್ಳಮಾಲಾಗಿದ್ದರೂ ಕೊಂಡವರಿಗೇ ಸೇರುತ್ತದೆ ಎಂಬುದು ಇಂಗ್ಲೆಂಡ್‌ನ ಶತಮಾನಗಳ ಹಳೆಯ ನಿಯಮ. ಕಳ್ಳರಿಗೆ ಅದು ವರವಾಯಿತು. 1995ರ ಜನವರಿಯಲ್ಲಿ ಅದು ರದ್ದಾಯಿತು. ಈಗ ಕಳ್ಳಮಾಲು ಕೈ ಬದಲಾದರೂ ಸಾಮಾನ್ಯವಾಗಿ ಮೂಲ ಮಾಲೀಕನದೇ.

ಅಮೆರಿಕದಲ್ಲಿ ಇದು ಎದ್ದು ಕಂಡದ್ದು ಫ್ರೆಂಚ್ ಕಲಾವಿದ ರೆನ್ವಾನ ಚಿತ್ರವೊಂದರ ಪ್ರಕರಣದಲ್ಲಿ. 2009ರಲ್ಲಿ ವೆಸ್ಟ್ ವರ್ಜೀನಿಯಾದ ಗುಜರಿ ಸಂತೆಯಲ್ಲಿ 7 ಡಾಲರ್‌ಗೆ ಸಿಕ್ಕಿತೆನ್ನಲಾದ ಆ ಪುಟ್ಟ ಚಿತ್ರ 2012ರಲ್ಲಿ ಹರಾಜಿಗೆ ಬಂತು. ಅಷ್ಟರಲ್ಲಿ ಅದು 1951ರಲ್ಲಿ ಬಾಲ್ಟಿಮೋರ್ ಕಲಾ ಸಂಗ್ರಹಾಲಯದಿಂದ ಕಳುವಾದದ್ದೆಂದು ದಾಖಲೆ ಸಿಕ್ಕಿ, 2014ರಲ್ಲಿ ನ್ಯಾಯಾಲಯ ಅದನ್ನು ಸಂಗ್ರಹಾಲಯಕ್ಕೆ ಮರಳಿಸಿತು. ಲಿಸ್ಬನ್‌ನಲ್ಲಿ ಮಂಗಳವಾರ, ಶನಿವಾರ ನಡೆಯುವ ಫೇರಾ ದ ಲಾದ್ರಾ ಸಂತೆಯ ನೀಲಿ-ಬಿಳಿ ಹಂಚುಗಳು ಕಣ್ಣು ಸೆಳೆಯುತ್ತವೆ. ಪಾಳು ಮನೆಗಳ ಗೋಡೆಯಿಂದ ಅವನ್ನು ಕಿತ್ತು ಮಾರುವ ದಂಧೆ ಬೆಳೆದದ್ದರಿಂದ ಪೋರ್ಚುಗಲ್ ಪೊಲೀಸರು 2007ರಲ್ಲಿ ಹಂಚು ರಕ್ಷಣೆಗೆಂದೇ ಒಂದು ಯೋಜನೆ ಶುರು ಮಾಡಿದರು. ಹಿಂಬದಿಯಲ್ಲಿ ಗಾರೆ ಹೊಸದಾಗಿ ಕಿತ್ತ ಗುರುತಿರುವ ಬಿಡಿ ಹಂಚನ್ನು ಕೊಳ್ಳದಿರುವುದೇ ಲೇಸು.

ದಕ್ಷಿಣ ಭಾರತದ ಕಂಚಿನ ದೇವರ ಮೂರ್ತಿ ಎದುರಾದರೆ ಇನ್ನೂ ಎಚ್ಚರ ಬೇಕು. ತಮಿಳುನಾಡಿನ ಶ್ರೀಪುರಂತನ್ ಗುಡಿಯಿಂದ ಕದ್ದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿಯೇ 2008ರಲ್ಲಿ 50 ಲಕ್ಷ ಡಾಲರ್ ಕೊಟ್ಟು ಕೊಂಡು, 2014ರಲ್ಲಿ ಭಾರತಕ್ಕೆ ಮರಳಿಸಬೇಕಾಯಿತು. ತಜ್ಞರ ಪಡೆ ಇಟ್ಟುಕೊಂಡ ಸಂಸ್ಥೆಯೇ ಏಮಾರಿದ ಮೇಲೆ ಪ್ರವಾಸಿಗನ ಪಾಡೇನು?

ವಿಮಾನ ಹತ್ತುವ ಮುನ್ನ

ಈಜಿಪ್ಟ್ 1983ರಿಂದಲೇ ಪ್ರಾಚೀನ ವಸ್ತುಗಳ ವ್ಯಾಪಾರ ನಿಷೇಧಿಸಿದೆ. ಟರ್ಕಿಯಿಂದ ಹಳೆ ನಾಣ್ಯ, ಕೆತ್ತನೆಯ ಕಲ್ಲು ತರಹೊರಟವರು ವಿಮಾನ ನಿಲ್ದಾಣದಲ್ಲೇ ಬಂಧನಕ್ಕೊಳಗಾಗಿದ್ದಾರೆ. ಥಾಯ್ಲೆಂಡಿನಿಂದ ಬುದ್ಧನ ಮೂರ್ತಿ ಒಯ್ಯಲು ಅಲ್ಲಿನ ಲಲಿತಕಲಾ ಇಲಾಖೆಯ ಪರವಾನಗಿ ಬೇಕು. ಚೀನಾದಲ್ಲಿ 1911ಕ್ಕೂ ಹಿಂದಿನ ಸಾಂಸ್ಕೃತಿಕ ವಸ್ತುಗಳನ್ನು ಹೊರಗೆ ಬಿಡುವುದಿಲ್ಲ. ಬೀಜಿಂಗ್‌ನ ಪಾನ್‌ಜ್ಯಾಯುವಾನ್ ಸಂತೆಯ ‘ಮಿಂಗ್ ಹೂದಾನಿ’ ಬಹುಮಟ್ಟಿಗೆ ನಕಲಿಯಾಗಿರುವುದರಿಂದ ಆ ತೊಂದರೆ ಬರುವುದು ಕಡಿಮೆ. ದಂತದ ಹಿಡಿಯ ಚಾಕು, ಆಮೆಚಿಪ್ಪಿನ ಬಾಚಣಿಗೆ, ಹವಳ ಎಷ್ಟೇ ಹಳೆಯದಿದ್ದರೂ ಮುಟ್ಟಬೇಡಿ, ವನ್ಯಜೀವಿ ಕಾನೂನು ಕೊಂಡ ದೇಶದಲ್ಲೂ ನಮ್ಮ ದೇಶದಲ್ಲೂ ಹಿಡಿಯುತ್ತದೆ. ಬ್ರಿಟನ್ ಸ್ವತಃ 2022ರಿಂದ ಕೆಲವೇ ವಿನಾಯಿತಿ ಬಿಟ್ಟು ದಂತದ ಮಾರಾಟ ನಿಲ್ಲಿಸಿದೆ. ಕತ್ತಿ, ಪಿಸ್ತೂಲುಗಳ ಗೊಡವೆಯೂ ಬೇಡ. ಉಳಿದದ್ದಕ್ಕೆ ಕೈಬರಹದ ಒಂದು ರಸೀದಿಯಾದರೂ ಬರೆಸಿಕೊಳ್ಳಿ, ಕಸ್ಟಮ್ಸ್‌ನಲ್ಲಿ ಬೆಲೆ ಕೇಳಿದಾಗ ಅದೇ ಆಸರೆ.

ಇಲ್ಲಿಂದ ಹೊರಡುವ ದಾರಿಯದೂ ಒಂದು ನಿಯಮ ನೆನಪಿರಲಿ. 1972ರ ಪ್ರಾಚೀನ ವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಪ್ರಾಚೀನ ವಸ್ತುವನ್ನು ಖಾಸಗಿಯವರು ಭಾರತದಿಂದ ಹೊರಗೆ ಸಾಗಿಸುವಂತಿಲ್ಲ. ಅಜ್ಜಿಯ ಕಾಲದ ದೇವರ ವಿಗ್ರಹವನ್ನು ಅಮೆರಿಕದ ಮನೆಗೆ ಒಯ್ಯಬೇಕೆನ್ನುವವರು ಮೊದಲು ಪುರಾತತ್ವ ಇಲಾಖೆಯಿಂದ ಅದು ಪ್ರಾಚೀನ ವಸ್ತುವಲ್ಲ ಎಂಬ ಪತ್ರ ಪಡೆಯಬೇಕು.

ಹಾಗಾದರೆ ಏನು ಕೊಳ್ಳಬೇಕು? ಮಾರಿ ಲಾಭ ಮಾಡುವ ಆಸೆ ಬಿಟ್ಟು, ಓದಲು ಬರುವ ವಸ್ತುವನ್ನು, ಮನೆಯಲ್ಲಿ ಬಳಸುವ ವಸ್ತುವನ್ನು, ಎಲ್ಲಿಂದ ಬಂತೆಂದು ಕೇಳಿದಾಗ ವ್ಯಾಪಾರಿ ತಡವರಿಸದೆ ಉತ್ತರ ಹೇಳುವ ವಸ್ತುವನ್ನು ಕೊಳ್ಳಿ. ಆ ಓದು ಕಲಿಯಲು ಪ್ಯಾರಿಸ್‌ಗೇ ಹೋಗಬೇಕಾಗಿಲ್ಲ. ಟಿಕೆಟ್ ತೆಗೆಯುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಸಂಡೇ ಬಜಾರಿಗೆ ಒಂದು ಭೂತಗನ್ನಡಿ ಹಿಡಿದು ಹೋಗಿ, ಏನನ್ನೂ ಕೊಳ್ಳದೆ ಎರಡು ಗಂಟೆ ಬರೀ ನೋಡಿ ಬನ್ನಿ.